ಬೆಣ್ಣೆಯೂ ಬಿಳಿ, ಸುಣ್ಣವೂ ಬಿಳಿ

‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಎಂಬ ಗಾದೆಯನ್ನು ಪಕ್ಷಪಾತದ ಮಾತು ಬಂದಾಗಲೆಲ್ಲ ನಾವು ಬಳಸುತ್ತೇವೆ. ಈ ಗಾದೆಯನ್ನು ಕಟ್ಟಿದವರಾರೋ ಬಣ್ಣ ಬಲ್ಲವರೇ ಇರಬೇಕು. ದೂರದಿಂದ ನೋಡಿದರೆ ಬೆಣ್ಣೆಯೂ ಬಿಳಿ, ಸುಣ್ಣವೂ ಬಿಳಿ. ಪಕ್ಕಪಕ್ಕದಲ್ಲಿ ಇಟ್ಟಾಗಲೇ ಒಂದರಲ್ಲಿ ಹಳದಿಯ ಸುಳಿವಿದೆ, ಇನ್ನೊಂದರಲ್ಲಿ ಅದಿಲ್ಲ ಎಂಬುದು ಗೊತ್ತಾಗುತ್ತದೆ. ಒಂದು ತಂಪು, ಇನ್ನೊಂದು ಉರಿ.

ಮನೆಗೆ ಬಣ್ಣ ಹೊಡೆಸಲು ಹೊರಟವರು ಬಣ್ಣದಂಗಡಿಯ ಕಟ್ಟೆಯ ಮುಂದೆ ನಿಂತಾಗ ಎದುರಾಗುವುದೂ ಇದೇ ಇಕ್ಕಟ್ಟು. ಕೆಂಪು, ಹಸಿರು, ನೀಲಿಗಳಲ್ಲಿ ಬೇಕು ಬೇಡ ಹೇಳುವುದು ಸುಲಭ. ‘ಯಾವ ಗಲಾಟೆಯೂ ಬೇಡ, ಎಲ್ಲಕ್ಕೂ ಹೊಂದುವಂಥದ್ದು ಕೊಡಿ’ ಎಂದವರ ಪಾಡೇ ಕಷ್ಟ. ಅವರ ಮುಂದೆ ಅಂಗಡಿಯವರು ಹಾಸುವ ಬಣ್ಣದ ಪಟ್ಟಿಯಲ್ಲಿ ಹತ್ತಾರು ನಸುಬಿಳಿಗಳಿರುತ್ತವೆ: ದಂತದ್ದು, ಕೆನೆಯದು, ಬಾದಾಮಿಯದು, ಮರಳಿನದು, ಮುತ್ತಿನದು, ಬೂದಿಯದು. ನಮ್ಮ ಪೇಂಟರುಗಳು ಇವೆಲ್ಲಕ್ಕೂ ಸೇರಿಸಿ ಇಟ್ಟಿರುವ ಹೆಸರು ‘ಹಾಫ್ ವೈಟ್’. ‘ಆಫ್ ವೈಟ್’ ಎಂಬ ಇಂಗ್ಲಿಷ್ ಮಾತು ಕನ್ನಡದ ಬಾಯಲ್ಲಿ ಹೀಗಾಯಿತು. ಅಪಭ್ರಂಶವೆಂದು ನಗಬೇಕಾಗಿಲ್ಲ. ಅರೆಬಿಳುಪು ಎಂಬ ಅರ್ಥ ಮೂಲಕ್ಕಿಂತ ಇದರಲ್ಲೇ ಸ್ಪಷ್ಟವಾಗಿದೆ.

ಶಾಸ್ತ್ರಕ್ಕೆ ಅಂಟಿಕೊಂಡರೆ ತಟಸ್ಥ ಬಣ್ಣವೆಂದರೆ ಬಿಳಿ, ಕಪ್ಪು ಮತ್ತು ಅವೆರಡರ ನಡುವಣ ಬೂದು, ಅಷ್ಟೆ. ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಬಣ್ಣಗಳಿಗೆ ಅಂಕೆ ಕೊಡುವ ತನ್ನ ಪದ್ಧತಿಯನ್ನು ಪ್ರಕಟಿಸಿದಾಗ ಈ ಬೂದುಗಳನ್ನು ಕಂಬದಂತೆ ನಡುವೆ ನಿಲ್ಲಿಸಿದ, ಉಳಿದ ಬಣ್ಣಗಳನ್ನು ಕೊಂಬೆಗಳಂತೆ ಸುತ್ತಲೂ ಚಾಚಿಸಿದ. ಕಂಬದಿಂದ ದೂರ ಹೋದಷ್ಟೂ ಬಣ್ಣ ಗಾಢ. ಕಂಬದ ಮೈಗೆ ಆತುಕೊಂಡೇ ಇರುವ, ಆದರೆ ಒಂದಿಷ್ಟು ಹಳದಿಯ ಕಡೆಗೋ ಕೆಂಪಿನ ಕಡೆಗೋ ವಾಲಿದ ಬಣ್ಣಗಳನ್ನೂ ಮನೆ ಕಟ್ಟುವವರು ತಟಸ್ಥವೆಂದೇ ಕರೆಯುತ್ತಾರೆ. ಆ ವಾಲುವಿಕೆಯೇ ತಂಟೆಯ ಮೂಲ. ಹೆಸರಿಗೆ ಮಾತ್ರ ತಟಸ್ಥ. ಗೋಡೆಯ ಮೇಲೆ ಕೂತ ಮೇಲೆ ಅದು ಯಾವುದಾದರೂ ಒಂದು ಪಕ್ಷ ಸೇರಿಯೇ ಸೇರುತ್ತದೆ.

ನಮ್ಮ ಹಿರಿಯರಿಗೆ ಈ ಆಯ್ಕೆಯ ಕಷ್ಟವಿರಲಿಲ್ಲ. ಯುಗಾದಿಗೋ ದೀಪಾವಳಿಗೋ ಮನೆಗೆ ಸುಣ್ಣ ಬಳಿಯುವುದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುವುದು, ಅಲ್ಲಿಗೆ ಮುಗಿಯಿತು. ಸುಣ್ಣ ಕಾರಣೆ ಎಂಬ ಜೋಡಿಮಾತೇ ನಮ್ಮ ನುಡಿಯಲ್ಲಿದೆ. ಬುಡದ ಆ ಕೆಂಪು ಬರಿಯ ಅಲಂಕಾರವಲ್ಲ. ಮಳೆಯಲ್ಲಿ ಸಿಡಿಯುವ ಕೆಸರು, ಸಾರಣೆಯ ಸಗಣಿ ನೀರು, ಜಗಲಿಯಲ್ಲಿ ಕೂತವರ ಬೆನ್ನಿನ ಎಣ್ಣೆ ಇವೆಲ್ಲ ಬೀಳುವುದು ಗೋಡೆಯ ಕೆಳಭಾಗದ ಮೇಲೆ. ಕೊಳೆಯ ಬಣ್ಣವನ್ನೇ ಮೊದಲು ಬಳಿದುಬಿಟ್ಟರೆ ಕೊಳೆ ಕಾಣುವುದೆಲ್ಲಿ?

ಸುಣ್ಣದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸುಣ್ಣದಕಲ್ಲನ್ನು, ಕರಾವಳಿಯಲ್ಲಾದರೆ ಚಿಪ್ಪನ್ನು, ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹೊಯ್ದರೆ ಕೊತಕೊತ ಕುದಿದು ಅರಳುತ್ತದೆ. ಆ ಅರಳಿದ ಸುಣ್ಣವನ್ನು ತಿಳಿಯಾಗಿ ಕದಡಿ, ಗೋಂದು ಬೆರೆಸಿ ನಾರಿನ ಕುಂಚದಿಂದ ಬಳಿದರೆ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಮತ್ತೆ ಹೀರಿಕೊಂಡು ಅದು ಪುನಃ ಕಲ್ಲೇ ಆಗುತ್ತದೆ. ಕಲ್ಲು ಸುಡುವಾಗ ಕಳೆದುಕೊಂಡದ್ದನ್ನು ಗೋಡೆಯ ಮೇಲೆ ಮರಳಿ ಪಡೆಯುತ್ತದೆ ಎನ್ನಬಹುದು. ಹಾಗಾಗಿ ಸುಣ್ಣ ಬಳಿದ ಗೋಡೆಯೆಂದರೆ ಕಾಗದದಷ್ಟು ತೆಳುವಾದ ಕಲ್ಲಿನ ಹೊದಿಕೆ.

ಬಳಿಯುತ್ತಿರುವಾಗ ಏನೂ ಕಾಣದು, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಸುಣ್ಣ ಹೊಡೆದವರಿಗೆಲ್ಲ ಇದು ಗೊತ್ತು. ಏಕೆ ಹೀಗೆ? ಬಿಳುಪೆಂಬುದು ಸುಣ್ಣದ ಕಣದೊಳಗೆ ಕೂತಿರುವ ವಸ್ತುವಲ್ಲ. ಬೆಳಕು ಕಣಕ್ಕೆ ಬಡಿದು ದಿಕ್ಕಾಪಾಲಾಗಿ ಚದರುವುದರಿಂದ ಹುಟ್ಟುವ ನೋಟ ಅದು. ಕಲ್ಲುಸಕ್ಕರೆ ಪಾರದರ್ಶಕ, ಪುಡಿ ಮಾಡಿದರೆ ಬಿಳಿ. ಕಣಗಳ ನಡುವೆ ಗಾಳಿಯಿದ್ದಾಗ ಬೆಳಕು ಚೆನ್ನಾಗಿ ಚದರುತ್ತದೆ. ಅದೇ ಜಾಗದಲ್ಲಿ ನೀರು ತುಂಬಿದಾಗ ಬೆಳಕು ಹೆಚ್ಚು ಅಡ್ಡಿಯಿಲ್ಲದೆ ಒಳಕ್ಕಿಳಿಯುತ್ತದೆ, ಹಿಂದಿನ ಮಣ್ಣು ಕಾಣುತ್ತದೆ. ಮಳೆಗಾಲದಲ್ಲಿ ಗೋಡೆಯ ಮೇಲೆ ಭೂಪಟಗಳು ಮೂಡುವುದಕ್ಕೆ ಕಾರಣವೂ ಇದೇ.

ಸುಣ್ಣಕ್ಕೆ ನೀಲಿ ಬೆರೆಸುವ ಪದ್ಧತಿ ಇದಕ್ಕಿಂತ ಸ್ವಾರಸ್ಯದ್ದು. ಕಲ್ಲಿನಲ್ಲಿ ಚೂರುಪಾರು ಕಬ್ಬಿಣದ ಅಂಶವಿದ್ದರೆ ಸುಣ್ಣ ಹಳದಿಗೆ ತಿರುಗುತ್ತದೆ. ಬಟ್ಟೆಗೆ ಹಾಕುವ ನೀಲಿಯನ್ನೇ ಒಂದು ಚಿಟಿಕೆ ಸೇರಿಸಿದರೆ ಫಳಫಳ ಬಿಳುಪು ಬರುತ್ತದೆ. ಇದು ನೀಲಿಗಿಡದ ನೀಲಿಯಲ್ಲ. ಆಫ್ಘಾನಿಸ್ತಾನದ ಬದಕ್ಷಾನದ ಗಣಿಗಳಿಂದ ಬರುತ್ತಿದ್ದ, ಯುರೋಪಿನ ಚಿತ್ರಕಾರರು ಬಂಗಾರದಂತೆ ತೂಗಿ ಕೊಳ್ಳುತ್ತಿದ್ದ ಲಾಜವರ್ದ ಕಲ್ಲಿನ ನೀಲಿಯ ಕೃತಕ ರೂಪ ಇದು. ಅದನ್ನು ಅಗ್ಗವಾಗಿ ತಯಾರಿಸುವವರಿಗೆ ಫ್ರಾನ್ಸಿನ ಸಂಘವೊಂದು 1824ರಲ್ಲಿ 6,000 ಫ್ರಾಂಕುಗಳ ಬಹುಮಾನ ಸಾರಿತ್ತು. 1828ರಲ್ಲಿ ಅದನ್ನು ಗೆದ್ದವನು ಝಾನ್ ಬ್ಯಾಪ್ಟಿಸ್ಟ್ ಗಿಮೆ. ಅದೇ ಹೊತ್ತಿಗೆ ಜರ್ಮನಿಯ ಗ್ಮೆಲಿನ್ ಎಂಬ ರಸಾಯನಜ್ಞನೂ ದಾರಿ ಕಂಡುಹಿಡಿದಿದ್ದ. ಈ ನೀಲಿ ಸುಣ್ಣದ ಖಾರವನ್ನು ತಾಳಿಕೊಳ್ಳುತ್ತದೆ. ಪ್ರಷ್ಯನ್ ನೀಲಿಯೆಂಬ ಇನ್ನೊಂದು ಬಣ್ಣವನ್ನು ಸುಣ್ಣಕ್ಕೆ ಬೆರೆಸಿದರೆ ಕಂದಿ ತುಕ್ಕಿನ ಬಣ್ಣಕ್ಕೆ ಇಳಿದುಬಿಡುತ್ತದೆ. ರಾಜಮಹಾರಾಜರ ಚಿತ್ರಶಾಲೆಯ ಬಣ್ಣ ನಮ್ಮ ಅಜ್ಜಿಯರ ಕೈಗೆ ಕಾಸಿನ ಪೊಟ್ಟಣವಾಗಿ ಬಂದದ್ದು ಹೀಗೆ.

ಆದರೆ ನೀಲಿ ಹಾಕಿದ ಗೋಡೆ ನಿಜವಾಗಿ ಹೆಚ್ಚು ಬೆಳಕನ್ನು ಕೊಡುವುದಿಲ್ಲ. ಹಳದಿಯಿದ್ದ ಗೋಡೆ ನೀಲಿ ಬೆಳಕನ್ನಷ್ಟೆ ನುಂಗುತ್ತಿತ್ತು. ನೀಲಿ ಬೆರೆಸಿದ ಮೇಲೆ ಅದು ಕೆಂಪು ಹಳದಿಗಳನ್ನೂ ಸ್ವಲ್ಪ ನುಂಗುತ್ತದೆ. ಲೆಕ್ಕದಲ್ಲಿ ನೋಡಿದರೆ ಗೋಡೆ ಒಂದು ಕೂದಲೆಳೆಯಷ್ಟು ಬೂದಾಯಿತು. ಕಣ್ಣಿಗೆ ಮಾತ್ರ ಹೆಚ್ಚು ಬಿಳಿ. ಬಿಳುಪನ್ನು ಅಳೆಯುವುದು ಕಣ್ಣಲ್ಲ, ಹೋಲಿಕೆ. ಮುಂದೆ ಬರುವ ಬಣ್ಣದ ಆಯ್ಕೆಗೆಲ್ಲ ಈ ಮಾತು ಬೇಕಾಗುತ್ತದೆ.

ಬಿಳಿಯೆಂದರೆ ಶುಚಿ ಎಂಬ ನಂಬಿಕೆ ಹಳೆಯದೇ. ಸುಣ್ಣದ ತೀಕ್ಷ್ಣ ಕ್ಷಾರಕ್ಕೆ ರೋಗಾಣುಗಳನ್ನು ಕೊಲ್ಲುವ ಗುಣವೂ ಇದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಮನೆಮನೆಗೂ ನುಗ್ಗಿ ಸುಣ್ಣ ಹೊಡೆಯುವುದು ಸರಕಾರದ ಕ್ರಮಗಳಲ್ಲಿ ಒಂದಾಗಿತ್ತು. ಪ್ಲೇಗು ಹರಡುತ್ತಿದ್ದುದು ಇಲಿಯ ಚಿಗಟದಿಂದ ಎಂಬುದು ಆಗ ಖಚಿತವಾಗಿರಲಿಲ್ಲ. ಗೋಡೆಯ ಸುಣ್ಣಕ್ಕೆ ಚಿಗಟ ಹೆದರುವುದೂ ಇಲ್ಲ. 1898ರಲ್ಲಿ ಬೆಂಗಳೂರಿಗೂ ಅದು ಕಾಲಿಟ್ಟಿತು. ಅದರ ನಂತರವೇ ಗಾಳಿ ಬೆಳಕಿನ ವಿಶಾಲ ಬೀದಿಗಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಫ್ರಾನ್ಸಿನಲ್ಲಿ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ 1925ರಲ್ಲಿ, ಪ್ರತಿಯೊಬ್ಬ ಪ್ರಜೆಯೂ ತನ್ನ ಗೋಡೆಯ ಕಾಗದ ಪರದೆಗಳನ್ನು ಕಿತ್ತು ಬಿಳಿ ಬಳಿಯಬೇಕೆಂದು ವಾದಿಸಿದ. ತಮಾಷೆಯೆಂದರೆ ಅದೇ ವರ್ಷಗಳಲ್ಲಿ ಅವನು ಕಟ್ಟಿದ ಮನೆಗಳ ಒಳಗೋಡೆಗಳಲ್ಲಿ ಮಣ್ಣುಗೆಂಪು, ನೀಲಿ, ಬೂದು ಧಾರಾಳವಾಗಿವೆ. ಜಗತ್ತು ಅವುಗಳನ್ನು ಕಂಡದ್ದು ಕಪ್ಪು ಬಿಳುಪು ಛಾಯಾಚಿತ್ರಗಳಲ್ಲಿ. ಆಧುನಿಕ ಮನೆಯೆಂದರೆ ಬಿಳಿ ಎಂಬ ಭ್ರಮೆಗೆ ಕ್ಯಾಮರಾದ ಪಾಲೂ ಇದೆ.

ಹಿನ್ನೆಲೆ ಬಿಳಿಯೇ ಆಗಬೇಕೆಂಬ ನಿಯಮ ನಮ್ಮಲ್ಲಂತೂ ಇರಲಿಲ್ಲ. ಸಾಗರ ಸೊರಬಗಳ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ನೋಡಿ. ಗೋಡೆಗೆ ಮೊದಲು ಕೆಮ್ಮಣ್ಣು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಅಲ್ಲಿ ತಟಸ್ಥವಾಗಿ ಹಿಂದೆ ಸರಿದು ನಿಂತಿರುವುದು ಕೆಂಪು. ತಟಸ್ಥವೆಂದರೆ ಬಣ್ಣವಿಲ್ಲದಿರುವುದು ಎಂದಲ್ಲ, ಉಳಿದದ್ದಕ್ಕೆ ಜಾಗ ಬಿಡುವುದು ಎಂದು ತಿಳಿದರೆ ಬಣ್ಣದಂಗಡಿಯಲ್ಲಿ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಡಬ್ಬಿಯ ಬಣ್ಣ ಬಂದದ್ದು ಆಮೇಲೆ. ನಮ್ಮ ಮೈಸೂರಿನ ಪೇಂಟ್ಸ್ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಆರಂಭವಾಯಿತು. ಈಗ ಜನ ಅದನ್ನು ನೆನೆಯುವುದು ಗೋಡೆಯ ಬಣ್ಣಕ್ಕಲ್ಲ, ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಗೆ. ಏಷ್ಯನ್ ಪೇಂಟ್ಸಿನ ಕೈಯಲ್ಲಿ ಕುಂಚ ಹಿಡಿದ ತುಂಟ ಹುಡುಗ ‘ಗಟ್ಟು’ವನ್ನು 1954ರಲ್ಲಿ ಬರೆದವರೂ ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್. ಇಂದಿನ ಬಿಳಿ ಬಣ್ಣಗಳಿಗೆಲ್ಲ ಮೂಲ ಟೈಟಾನಿಯಂ ಡೈ ಆಕ್ಸೈಡ್. ಕೇರಳದ ಕೊಲ್ಲಂ ಕರಾವಳಿಯ ಕಪ್ಪು ಮರಳಿನಲ್ಲಿರುವ ಇಲ್ಮೆನೈಟ್ ಎಂಬ ಅದಿರಿನಿಂದಲೂ ಅದನ್ನು ತೆಗೆಯುತ್ತಾರೆ. ಕಪ್ಪು ಮರಳಿನಿಂದ ಅಚ್ಚ ಬಿಳಿಯ ಪುಡಿ! ಅದು ಬೆಳಕನ್ನು ಬಗ್ಗಿಸುವ ಶಕ್ತಿ ಸುಣ್ಣಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಎಣ್ಣೆಯಲ್ಲಿ ಕಲಸಿದರೂ, ನೀರಿನಲ್ಲಿ ಕಲಸಿದರೂ ಬಿಳಿಯಾಗಿಯೇ ಉಳಿಯುತ್ತದೆ.

ಅದಕ್ಕೂ ಮುಂಚೆ ಎಣ್ಣೆ ಬಣ್ಣಕ್ಕೆ ಬಿಳುಪು ಕೊಡುತ್ತಿದ್ದುದು ಸೀಸದ ಬಿಳಿ. ಹಳದಿ ಕೆಂಪುಗಳಿಗೆ ಸೀಸದ ಕ್ರೋಮೇಟು ಬಹಳ ಕಾಲ ನಡೆದುಬಂತು. ಸೀಸ ಮಕ್ಕಳ ಮೆದುಳಿಗೆ ವಿಷ. ಇದರಲ್ಲಿ ಸ್ವಲ್ಪ ಪರವಾಗಿಲ್ಲ ಎನ್ನುವ ಮಾತಿಲ್ಲ. ನಮ್ಮ ದೇಶದಲ್ಲಿ ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲನ್ನು ಮೀರಬಾರದೆಂಬ ನಿಯಮ 2016ರಲ್ಲಿ ಹೊರಟು 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಎಂದರೆ ಅದಕ್ಕೂ ಮುಂಚಿನ ಕಿಟಕಿ, ಬಾಗಿಲು, ಅಡಿಗೆಮನೆಯ ಗೋಡೆಗಳ ಎಣ್ಣೆ ಬಣ್ಣದಲ್ಲಿ ಅದು ಇನ್ನೂ ಇರಬಹುದು. ಕ್ರೀಮ್ ಬಣ್ಣ ನಿರುಪದ್ರವಿಯಂತೆ ಕಾಣುತ್ತದೆ ನಿಜ, ಆದರೆ ಆ ಕೆನೆಗೆ ಹಳದಿ ಎಲ್ಲಿಂದ ಬಂದಿತ್ತೋ ಯಾರು ಬಲ್ಲರು? ಹೊಸ ಬಣ್ಣ ಹೊಡೆಯುವ ಮೊದಲು ಹಳೆಯದನ್ನು ಒಣ ಮರಳುಕಾಗದದಿಂದ ಗರಗರ ಉಜ್ಜಿಸುವುದು ಅಪಾಯಕರ. ಒದ್ದೆ ಮಾಡಿ ಉಜ್ಜಿಸಬೇಕು, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಆ ದಿನಗಳಲ್ಲಿ ಮಕ್ಕಳೂ ಬಸುರಿಯರೂ ಬೇರೆಡೆ ಇರಲಿ. ಉಜ್ಜುವ ಕೂಲಿಯವನ ಮೂಗು ಬಾಯಿಗೂ ಒಂದು ಮುಸುಕು ಬೇಕು.

ಇನ್ನು ಆಯ್ಕೆಯ ಮಾತು. ಹಿಂದೆ ಪೇಂಟರು ಬಿಳಿ ಡಬ್ಬಿಗೆ ಸ್ಟೈನರಿನ ಕೆಲವು ಹನಿ ಹಾಕಿ, ಕೋಲಿನಿಂದ ತಿರುವಿ, ಗೋಡೆಯ ಮೂಲೆಗೆ ಬೆರಳಲ್ಲಿ ಬಳಿದು ತೋರಿಸುತ್ತಿದ್ದ. ಈಗ ಅದನ್ನು ಯಂತ್ರ ಮಾಡುತ್ತದೆ. ಹನಿಗಳು ಮಾತ್ರ ಅವೇ. ನಸುಬಿಳಿಗಳಲ್ಲಿ ಹೆಚ್ಚಿನವು ಬಿಳಿಗೆ ಒಂದಿಷ್ಟು ಹಳದಿ ಮಣ್ಣಿನ ಬಣ್ಣ, ಒಂದಿಷ್ಟು ಕಪ್ಪು, ಚೂರು ಕೆಮ್ಮಣ್ಣಿನ ಬಣ್ಣ ಬೆರೆತಂಥವು. ಹಳದಿಗೆ ಕಪ್ಪು ಸೇರಿದರೆ ಹಸಿರಿನ ಛಾಯೆ ಬರುತ್ತದೆ. ಬಹಳ ಜನ ಬೂದು ಎಂದು ಆರಿಸಿ ತಂದದ್ದು ಮನೆಯಲ್ಲಿ ಪಾಚಿಯಂತೆ ಕಾಣುವುದಕ್ಕೆ ಇದೊಂದು ಕಾರಣ. ಈ ಒಳಛಾಯೆಯನ್ನು ಹೊರಗೆಳೆಯಲು ಸುಲಭೋಪಾಯವಿದೆ. ಮಾದರಿಯ ಪಕ್ಕದಲ್ಲಿ ಅಚ್ಚ ಬಿಳಿಯ ಹಾಳೆಯೊಂದನ್ನು ಇಡಿ. ಗುಟ್ಟು ರಟ್ಟಾಗುತ್ತದೆ.

ಇದರ ಹಿಂದಿನ ತತ್ತ್ವವನ್ನು ಬಿಡಿಸಿ ಹೇಳಿದವನು ಶೆವ್ರಲ್ ಎಂಬ ಫ್ರೆಂಚ್ ರಸಾಯನಜ್ಞ. ಪ್ಯಾರಿಸಿನ ಗೊಬೆಲಿನ್ಸ್ ರತ್ನಗಂಬಳಿ ಕಾರ್ಖಾನೆಯ ಬಣ್ಣಗಾರಿಕೆಗೆ ಅವನು 1824ರಲ್ಲಿ ಮುಖ್ಯಸ್ಥನಾದಾಗ, ನೀಲಿ ನೇರಳೆಗಳ ನಡುವೆ ನೇಯ್ದ ಕಪ್ಪು ನೂಲಿಗೆ ಕಸುವಿಲ್ಲವೆಂಬ ದೂರು ಬಂತು. ಬೇರೆ ಬೇರೆ ಕಡೆಯ ಕಪ್ಪು ನೂಲುಗಳನ್ನು ತರಿಸಿ ಹೋಲಿಸಿದ. ಕಾರ್ಖಾನೆಯ ಕಪ್ಪಿನಲ್ಲಿ ಐಬಿರಲಿಲ್ಲ. ಪಕ್ಕದ ಬಣ್ಣ ಅದನ್ನು ಹಾಗೆ ಕಾಣಿಸುತ್ತಿತ್ತು. ಪ್ರತಿಯೊಂದು ಬಣ್ಣವೂ ತನ್ನ ಎದುರು ಬಣ್ಣದ ಛಾಯೆಯನ್ನು ನೆರೆಯ ಮೇಲೆ ಹೊರಿಸುತ್ತದೆ ಎಂಬ ತತ್ತ್ವವನ್ನು ಅವನು 1839ರಲ್ಲಿ ದೊಡ್ಡ ಗ್ರಂಥವಾಗಿ ಬರೆದ. ಬೂದು, ನಸುಬಿಳಿಗಳಿಗೆ ಸ್ವಂತ ಬಲ ಕಡಿಮೆಯಾದ್ದರಿಂದ ಈ ಹೇರಿಕೆಗೆ ಮೊದಲು ಬಲಿಯಾಗುವುದು ಅವೇ.

ನಮ್ಮ ಮನೆಗಳಲ್ಲಿ ಆ ನೆರೆ ಯಾವುದು? ನೆಲ. ಹಳೆಯ ಮೈಸೂರಿನ ಕಡೆಯ ರೆಡ್ ಆಕ್ಸೈಡ್ ನೆಲವಿದ್ದರೆ ಅದರ ಅಂಚಿಗೆ ಬೂದು ಗೋಡೆ ಹಸಿರಾಗಿ ಕಾಣುತ್ತದೆ, ಬಿಸಿಲು ನೆಲಕ್ಕೆ ಬಿದ್ದ ಹೊತ್ತಿನಲ್ಲಿ ಅದೇ ಗೋಡೆ ಗುಲಾಬಿಯಾಗುತ್ತದೆ. ಒಂದೇ ಗೋಡೆ, ಎರಡು ಸುಳ್ಳು. ಅಲ್ಲಿಗೆ ಕೆನೆಯ ಬಣ್ಣವೋ ನೀಲಿ ಹಾಕದ ಸುಣ್ಣದ ಬಿಳಿಯೋ ಲೇಸು. ಕಲಬುರಗಿಯ ಕಡೆಯ ಶಹಾಬಾದ್ ಕಲ್ಲು ತಾನೇ ನೀಲಿಬೂದು. ಅದೂ ಸುಣ್ಣದಕಲ್ಲಿನ ಜಾತಿಯದೇ. ಅದರ ಮೇಲೆ ಬೂದು ಗೋಡೆ ಎಬ್ಬಿಸಿದರೆ ಮನೆ ಗೋದಾಮಿನಂತಾಗುತ್ತದೆ. ಈಗಿನ ಹೊಳಪಿನ ನಸುಹಳದಿ ಟೈಲ್ಸ್ ಮೇಲೆ ಅಚ್ಚಬಿಳಿ ಗೋಡೆ ಬಂದರೆ ಟೈಲ್ಸ್ ಕೊಳೆಯಾದಂತೆ ಕಾಣುತ್ತದೆ. ಎಷ್ಟು ಒರೆಸಿದರೂ ಹೋಗದ ಕೊಳೆ!

ಬೆಳಕಿನ ದಿಕ್ಕಿನ ಬಗ್ಗೆ ಪುಸ್ತಕಗಳು ಕೊಡುವ ಸಲಹೆಯನ್ನು ಹುಷಾರಾಗಿ ತೆಗೆದುಕೊಳ್ಳಬೇಕು. ಉತ್ತರದ ಕೋಣೆಗೆ ಬೆಚ್ಚನೆಯ ಬಣ್ಣ, ದಕ್ಷಿಣದ ಕೋಣೆಗೆ ತಂಪು ಬಣ್ಣ ಎಂಬ ಸೂತ್ರ ಹುಟ್ಟಿದ್ದು ಸೂರ್ಯ ಎಂದೂ ನೆತ್ತಿಗೆ ಬಾರದ ಯುರೋಪಿನಲ್ಲಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೇ ಇರುತ್ತಾನೆ. ಬೀದರಿನಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ. ನಮ್ಮಲ್ಲಿ ಬಣ್ಣ ಕೆಡಿಸುವುದು ಹೆಚ್ಚಾಗಿ ಪಡುವಣ ಕಿಟಕಿ. ಸಂಜೆಯ ಕೆಂಬಿಸಿಲಿಗೆ ಕೆನೆಯ ಗೋಡೆ ಅರಿಸಿನದಂತಾಗುತ್ತದೆ. ಅಲ್ಲಿ ಮಾತ್ರ ಒಂದಿಷ್ಟು ಬೂದು ಸಲ್ಲುತ್ತದೆ. ಮಲೆನಾಡು ಕರಾವಳಿಗಳಲ್ಲಿ ಲೆಕ್ಕವೇ ಬೇರೆ. ತಿಂಗಳುಗಟ್ಟಲೆ ಮೋಡ, ಕಿಟಕಿಯಾಚೆ ಅಡಿಕೆ ತೋಟ. ಒಳಗೆ ಬರುವ ಬೆಳಕೇ ಹಸಿರು. ಕೆಂಪಿಗೆ ತುಸು ವಾಲಿದ ಬಿಳಿ ಆ ಹಸಿರನ್ನು ತಿಂದು ಸಮ ಮಾಡುತ್ತದೆ.

ಅಂಗೈಯಗಲದ ಮಾದರಿಯಲ್ಲಿ ತಿಳಿಯಾಗಿದ್ದ ಬಣ್ಣ ಗೋಡೆಯಲ್ಲಿ ಗಾಢವಾಗಿ ಕಾಣುವುದು ಪೇಂಟರನ ಮೋಸವಲ್ಲ, ಗಣಿತ. ಕೆನೆಯ ಬಣ್ಣವೊಂದು ಕೆಂಪು ಬೆಳಕನ್ನು ನೂರಕ್ಕೆ 80ರಷ್ಟು, ನೀಲಿ ಬೆಳಕನ್ನು 60ರಷ್ಟು ಹಿಂದಕ್ಕೆ ಕಳಿಸುತ್ತದೆಂದು ಇಟ್ಟುಕೊಳ್ಳಿ. ಒಂದು ಗೋಡೆಯಿಂದ ಇನ್ನೊಂದಕ್ಕೆ ಮೂರು ಸಲ ಪುಟಿದ ಮೇಲೆ ಕೆಂಪಿನಲ್ಲಿ ಉಳಿಯುವುದು 51, ನೀಲಿಯಲ್ಲಿ ಬರಿ 22. ಅಂತರ ಎಷ್ಟಾಯಿತು ನೋಡಿ. ನಡುಬೂದು ಬಣ್ಣ ಎಲ್ಲ ಬೆಳಕನ್ನೂ 50ರಷ್ಟು ಕಳಿಸಿದರೆ ಮೂರು ಪುಟಿತಕ್ಕೆ ಉಳಿಯುವುದು 12 ಚಿಲ್ಲರೆ. ಒಂದೇ ಕಿಟಕಿಯ, ಪಕ್ಕದ ಕಟ್ಟಡಕ್ಕೆ ಮುಖ ಮಾಡಿದ ಫ್ಲ್ಯಾಟುಗಳಲ್ಲಿ ಹಗಲೇ ದೀಪ ಹಾಕಬೇಕಾಗುವುದು ಇದರಿಂದ. ಹೊರದೇಶದ ಪತ್ರಿಕೆಗಳನ್ನು ನೋಡಿ ಬೂದು ಬಳಿಸಿ, ಮೇಲೆ ನೀಲಿಬಿಳಿಯ ಎಲ್‌ಇಡಿ ದೀಪ ಹಾಕಿಸಿಕೊಂಡ ಮನೆಗಳಲ್ಲಿ ಊಟದ ಸಾರಿನ ಬಣ್ಣವೂ ಸಪ್ಪೆ ಎಂಬುದು ನನ್ನ ಅಭಿಪ್ರಾಯ. ದೀಪದ ಡಬ್ಬದ ಮೇಲೆ 2700 ಎಂದಿದ್ದರೆ ಹಳೆಯ ಬಲ್ಬಿನ ಹೊಂಬಣ್ಣ, 6500 ಎಂದಿದ್ದರೆ ಮೋಡದ ಹಗಲಿನ ಬಿಳುಪು. ದೀಪ ಬದಲಿಸಿದರೆ ಗೋಡೆಯನ್ನೇ ಬದಲಿಸಿದಂತೆ. ಬಣ್ಣಕ್ಕಿಂತ ಮೊದಲು ದೀಪವನ್ನು ನಿರ್ಧರಿಸುವುದು ಜಾಣತನ, ಖರ್ಚೂ ಕಡಿಮೆ.

ಮಣ್ಣಿನ, ಸುಣ್ಣಗಾರೆಯ ಹಳೆಯ ಮನೆಯುಳ್ಳವರಿಗೆ ಒಂದು ಮಾತು. ಆ ಗೋಡೆಗಳು ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತ ಬದುಕಿದಂಥವು. ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ನಿನ ಪೊರೆ ಎಳೆದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಎರಡು ಮಳೆಗಾಲದಲ್ಲಿ ಬಣ್ಣ ಹಪ್ಪಳದಂತೆ ಎದ್ದು ಗಾರೆಯನ್ನೂ ಕಿತ್ತುಕೊಂಡು ಬರುತ್ತದೆ. ತೊಳೆಯಬಹುದೆಂಬ ಆಸೆಗೆ ಗೋಡೆಯನ್ನೇ ಕಳೆದುಕೊಳ್ಳುವುದು ಬೇಡ. ಸುಣ್ಣವೇ ಇರಲಿ, ಹಳದಿ ಮಣ್ಣು ಚೂರು ಬೆರೆಸಿದರೆ ಅಂಗಡಿಯ ಯಾವ ನಸುಬಿಳಿಗೂ ಅದು ಕಡಿಮೆಯಲ್ಲ. ಹೊಸ ಸಿಮೆಂಟ್ ಗೋಡೆಯವರಿಗೂ ಅವಸರ ಸಲ್ಲದು. ಗಾರೆ ಕನಿಷ್ಠ 28 ದಿನವಾದರೂ ಒಣಗಲಿ.

ಪರೀಕ್ಷೆಗೆ ಗೋಡೆಯ ಮೇಲೆಯೇ ಬಳಿಯುವ ಬದಲು ಎರಡಡಿ ಚದರದ ದಪ್ಪ ರಟ್ಟಿಗೆ ಎರಡು ಕೋಟು ಬಳಿಯಿರಿ. ಪೂರ್ತಿ ಒಣಗಲು ಬಿಡಿ. ಸುಣ್ಣ ಒಣಗಿದಂತೆ ಬೆಳಗುತ್ತದೆ, ಎಮಲ್ಷನ್ ಸಾಮಾನ್ಯವಾಗಿ ಒಣಗಿದಂತೆ ತುಸು ಗಾಢವಾಗುತ್ತದೆ. ಹಸಿ ಬಣ್ಣ ನೋಡಿ ಪೇಂಟರನೊಡನೆ ಜಗಳ ಬೇಡ. ಆ ರಟ್ಟನ್ನು ಕಿಟಕಿಯ ಪಕ್ಕ ಒಂದು ದಿನ, ಕತ್ತಲ ಮೂಲೆಯಲ್ಲಿ ಒಂದು ದಿನ, ನೆಲಕ್ಕೆ ತಾಗಿಸಿ ಒಂದು ದಿನ ನಿಲ್ಲಿಸಿ, ಬೆಳಿಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ ನೋಡಿ. ಒಪ್ಪಿತವಾದರೆ ಯಂತ್ರ ಕೊಡುವ ಬಣ್ಣದ ಸಂಖ್ಯೆಯನ್ನು ಬೀರುವಿನ ಬಾಗಿಲ ಒಳಬದಿಗೆ ಪೆನ್ಸಿಲಿನಲ್ಲಿ ಬರೆದಿಡಿ, ಉಳಿದ ಬಣ್ಣವನ್ನು ಬಿಗಿಮುಚ್ಚಳದ ಬಾಟಲಿಯಲ್ಲಿ ಎತ್ತಿಡಿ. ಮೂರು ವರ್ಷದ ನಂತರ ಕ್ಯಾಲೆಂಡರಿನ ಮೊಳೆ ಕಿತ್ತ ತೂತಿಗೆ ಪುಟ್ಟಿ ತುಂಬಿ ತೇಪೆ ಹಾಕುವಾಗ, ‘ಅದೇ ಹಾಫ್ ವೈಟ್ ಕೊಡಿ’ ಎಂದರೆ ಅಂಗಡಿಯವರು ಯಾವುದನ್ನು ಕೊಡಬೇಕು?